ಚಾಳೀಸಣ್ಣ ವಕೀಲರ ಕಣ್ಣು ನೋಡಿದ್ದು

ವಕೀಲರನ್ನು ಹುಡುಕುವುದಕ್ಕೆ ಜನ ನಾನಾ ದಾರಿ ಹಿಡಿಯುತ್ತಾರೆ. ಕೆಲವರು ಭಾವಮೈದುನನನ್ನು ಕೇಳುತ್ತಾರೆ, ಕೆಲವರು ಬೋರ್ಡಿನ ಉದ್ದ ನೋಡುತ್ತಾರೆ, ಇನ್ನು ಕೆಲವರು ಕೋರ್ಟಿನ ಮೆಟ್ಟಿಲ ಮೇಲೆ ಯಾರು ಮೊದಲು ತೋಳು ಹಿಡಿಯುತ್ತಾರೋ ಅವರಿಗೇ ಶರಣಾಗುತ್ತಾರೆ. ಊರಿನ ಅಷ್ಟೂ ವಕೀಲರನ್ನು ಸಾಲಾಗಿ ಕೂರಿಸಿ, ಕಣ್ಣು ಪರೀಕ್ಷೆ ಮಾಡಿ, ಪಾಸಾದವರಿಗೆ ತನ್ನ ಕೆಲಸ ಒಪ್ಪಿಸುತ್ತೇನೆಂದು ಹೊರಟವನು ಮಾತ್ರ ನಮ್ಮ ಚಾಳೀಸಣ್ಣ ಒಬ್ಬನೇ. ಅದನ್ನು ಹುಚ್ಚು ಎಂದವರು ಬಹಳ ಜನ. ಅವರೆಲ್ಲ ಈಗ ಅವನ ಅಂಗಡಿಯಲ್ಲೇ ಕನ್ನಡಕ ಮಾಡಿಸುತ್ತಾರೆ.

ಚಾಳೀಸಣ್ಣನದು ಕನ್ನಡಕದ ಅಂಗಡಿ. ವಯಸ್ಸು ಐವತ್ತಾರು. ಮದುವೆಯಾಗಿಲ್ಲ. ಹಿಂದೆ ಎರಡು ಮೂರು ಕಡೆ ಮಾತುಕತೆ ನಡೆದದ್ದುಂಟು. ಆದರೆ ಹುಡುಗಿಯ ಕಣ್ಣು ನೋಡಿದ ಕೂಡಲೇ ಇವನು ಮೆಚ್ಚಿಕೊಳ್ಳುವುದನ್ನು ಬಿಟ್ಟು ನಂಬರು ಹೇಳಿಬಿಡುತ್ತಿದ್ದ. ಹಾಗಾಗಿ ಅಣ್ಣನ ಮನೆಯೇ ಅವನ ಮನೆಯಾಯಿತು. ಅಣ್ಣ ತೀರಿಕೊಂಡು ಇಪ್ಪತ್ತು ವರ್ಷ. ಅಂದಿನಿಂದ ಅತ್ತಿಗೆ ಮನೆಯನ್ನೂ ನೋಡಿಕೊಂಡರು, ಮೈದುನನನ್ನೂ ನೋಡಿಕೊಂಡರು, ತಿಂಗಳೊಳಗೆ ಗಾಜು ಉಜ್ಜುವ ಯಂತ್ರವನ್ನು ಕಲಿತು ಅಂಗಡಿಯನ್ನೂ ನೋಡಿಕೊಂಡರು.

ಅಂಗಡಿ ಎಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮುಂದೆ ಕನ್ನಡಿ, ಕುರ್ಚಿ, ಗಾಜಿನ ಬೀರು. ಹಿಂದೆ ಒಂದು ಪರದೆ, ಪರದೆಯ ಆಚೆ ಯಂತ್ರ, ಯಂತ್ರದ ಮುಂದೆ ಅತ್ತಿಗೆ. ಗಾಜನ್ನು ಅಳೆಯುವುದು, ಉಜ್ಜುವುದು, ಫ್ರೇಮಿನಲ್ಲಿ ಕೂರಿಸುವುದು ಎಲ್ಲ ಪರದೆಯ ಹಿಂದೆ. ಚಾಳೀಸಣ್ಣ ಮಾಡುತ್ತಿದ್ದದ್ದು ಇಷ್ಟೇ: ಸಿದ್ಧವಾಗಿ ಬಂದ ಕನ್ನಡಕವನ್ನು ಗಿರಾಕಿಯ ಮೂಗಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, “ಈಗ ಹೇಗೆ ಕಾಣ್ತಿದೆ?” ಎಂದು ಗಂಭೀರವಾಗಿ ಕೇಳುವುದು. ಊರೆಲ್ಲ ಅವನ ಕೈಗುಣವನ್ನು ಹೊಗಳುತ್ತಿತ್ತು. ಅವನೂ ಬೇಡವೆನ್ನುತ್ತಿರಲಿಲ್ಲ.

ಹೀಗಿರುವಾಗ ಎದುರು ಸಾಲಿನ ಗಡಿಯಾರದಂಗಡಿಯವರು ಏನೂ ಬರೆದಿಡದೆ ತೀರಿಕೊಂಡರು. ವಾರದೊಳಗೆ ಆ ಬಾಗಿಲಿಗೆ ಮೂವರು ವಾರಸುದಾರರಿಂದ ಮೂರು ಬೀಗ ಬಿದ್ದವು. ಮೂವತ್ತು ವರ್ಷ ಅಲ್ಲೇ ಕೂತು ಗಡಿಯಾರ ಬಿಚ್ಚಿ ಕೂಡಿಸಿದ್ದ ಸೊಸೆ, ತನ್ನ ಸ್ಟೂಲನ್ನಾದರೂ ಹೊರಗೆ ಕೊಡಿ ಎಂದು ಬೀದಿಯಲ್ಲಿ ನಿಂತು ಕೇಳುತ್ತಿದ್ದಳು. ಚಾಳೀಸಣ್ಣ ಅದನ್ನು ತನ್ನ ಅಂಗಡಿಯಿಂದಲೇ ನೋಡಿದ. ಅದೇ ಮಧ್ಯಾಹ್ನ ಅವನ ತಮ್ಮ ಬಂದ. ತಮ್ಮ ಕಟ್ಟಡದ ಕಂಟ್ರಾಕ್ಟರು. ಬಂದವನು ಕ್ಷೇಮ ವಿಚಾರಿಸುತ್ತಲೇ ಜೇಬಿನಿಂದ ಟೇಪು ತೆಗೆದು ಅಂಗಡಿಯ ಗೋಡೆ ಅಳೆದ. “ಸುಮ್ನೆ ಅಣ್ಣ, ಅಭ್ಯಾಸ,” ಎಂದ. ಪರದೆಯ ಹಿಂದೆ ಯಂತ್ರ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಅಂಗಡಿಯ ಕಾಗದ ಇದ್ದದ್ದು ಚಾಳೀಸಣ್ಣನೊಬ್ಬನ ಹೆಸರಿನಲ್ಲಿ. ತೀರಿಕೊಂಡ ಅಣ್ಣನೂ ತಾನೂ ದುಡಿದು ಕೊಂಡದ್ದು ನಿಜ, ಆದರೆ ನೋಂದಣಿಯ ದಿನ ಅಣ್ಣನಿಗೆ ಜ್ವರ. ಯಾರ ಹೆಸರಾದರೇನು, ನಿನ್ನ ಹೆಸರಿಗೇ ಬರೆಸಿಕೊಂಡು ಬಾ ಎಂದು ಮಲಗಿದಲ್ಲಿಂದಲೇ ಹೇಳಿ ಕಳಿಸಿದ್ದ. ಈಗ ತಾನು ಕಣ್ಣು ಮುಚ್ಚಿದರೆ ಅಂಗಡಿ ಟೇಪಿನವನ ಪಾಲು, ಅತ್ತಿಗೆ ಬೀದಿಯ ಪಾಲು. ಅವತ್ತೇ ಅವನು ನಿರ್ಧರಿಸಿದ: ಅತ್ತಿಗೆಯ ಹೆಸರಿಗೆ ಉಯಿಲು ಬರೆಸಬೇಕು, ಅದಕ್ಕೊಬ್ಬ ಒಳ್ಳೆಯ ವಕೀಲರು ಬೇಕು. ಅತ್ತಿಗೆಗೆ ಹೇಳಲಿಲ್ಲ. ಸಾಯುವ ಮಾತೆತ್ತಿದರೆ ಅವರು ಸಾಯುವ ಹಾಗೆ ಬೈಯುತ್ತಿದ್ದರು.

ಪಕ್ಕದ ಫೋಟೋಫ್ರೇಮಿನಂಗಡಿಯವನು ತನ್ನ ವಕೀಲರನ್ನೇ ತೋರಿಸಿಕೊಟ್ಟ. ಆ ವಕೀಲರು ಚಾಳೀಸಣ್ಣನ ಮಾತನ್ನು ಅರ್ಧಕ್ಕೇ ತಡೆದು, ನನಗೆಲ್ಲ ಗೊತ್ತಾಯಿತು ಎಂದು ಕೈಯೆತ್ತಿ, ಮೂರೇ ದಿನದಲ್ಲಿ ನಾಲ್ಕು ಪುಟದ ಕರಡು ಕೊಟ್ಟರು. ಚಾಳೀಸಣ್ಣ ಮನೆಗೆ ತಂದು ಓದಿದ. ಅಂಗಡಿಯ ವಿಷಯ ಸರಿಯಾಗಿಯೇ ಇತ್ತು. ಆದರೆ ಎರಡನೆಯ ಪುಟದ ಬುಡದಲ್ಲಿ, ಸಣ್ಣಕ್ಷರದಲ್ಲಿ, ಅವನು ತನ್ನ ಹಿಟ್ಟಿನ ಗಿರಣಿಯನ್ನೂ ಎರಡು ಎಮ್ಮೆಗಳನ್ನೂ ತನ್ನ ಎರಡನೆಯ ಹೆಂಡತಿಗೆ ಸಂತೋಷದಿಂದ ಬಿಟ್ಟುಹೋಗುತ್ತಿದ್ದ.

ಮೊದಲನೆಯ ಹೆಂಡತಿಯೇ ಇಲ್ಲದ ಮನುಷ್ಯ ಗಾಬರಿಬಿದ್ದು ವಕೀಲರ ಹತ್ತಿರ ಓಡಿದ. ಯಾರದೋ ಹಳೆಯ ಉಯಿಲನ್ನು ಮುಂದಿಟ್ಟುಕೊಂಡು ಹೆಸರು ಬದಲಾಯಿಸಿದ್ದರು, ಅದೊಂದು ಭಾಗ ಹಾಗೇ ಉಳಿದುಬಿಟ್ಟಿತ್ತು. ವಕೀಲರು ಕಾಗದವನ್ನು ಕೈ ಚಾಚಿದಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, “ಸಣ್ಣಕ್ಷರ ನೋಡಿ, ಕಾಣಿಸಲಿಲ್ಲ,” ಎಂದರು.

ಬೇರೆ ಯಾರೇ ಆಗಿದ್ದರೂ ಈ ವಕೀಲರು ಸೋಮಾರಿ ಎಂದುಕೊಳ್ಳುತ್ತಿದ್ದರು. ಮೂವತ್ತು ವರ್ಷದಿಂದ ಕನ್ನಡಕ ಮಾರಿದ ಚಾಳೀಸಣ್ಣನಿಗೆ ಮಾತ್ರ ಜ್ಞಾನೋದಯವೇ ಆಯಿತು. ವಕೀಲರಲ್ಲಿ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ, ಸಣ್ಣಕ್ಷರ ಕಾಣುವವರು ಮತ್ತು ಕಾಣದವರು ಎಂಬ ಭೇದವಷ್ಟೇ ಇದೆ ಎಂದು ಅವನು ಆ ಮೆಟ್ಟಿಲಿಳಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟ.

ಇತ್ತ ಆ ಕರಡು ಟೈಪು ಮಾಡಿದವನ ಬಾಯಿ ಸುಮ್ಮನಿರುತ್ತದೆಯೇ? ಕನ್ನಡಕದಂಗಡಿಯವರಿಗೆ ಎಲ್ಲೋ ಒಂದು ಗಿರಣಿಯಿದೆ, ಗಿರಣಿಗೊಬ್ಬಳು ಹೆಂಡತಿಯಿದ್ದಾಳೆ ಎಂಬ ಸುದ್ದಿ ಎರಡು ದಿನದಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಎಮ್ಮೆಗಳು ಹಾದಿಯಲ್ಲಿ ಹನ್ನೆರಡಾದವು. ಫ್ರೇಮಿನಂಗಡಿಯವನು ಇವನನ್ನು ಕಂಡರೆ ಎದ್ದು ನಿಲ್ಲತೊಡಗಿದ. ಮೂರು ವರ್ಷದಿಂದ ಬರಿಗೈಯಲ್ಲಿ ಬರುತ್ತಿದ್ದ ತಮ್ಮ ಹಣ್ಣಿನ ಬುಟ್ಟಿ ಹಿಡಿದು ಬಂದ. “ಒಬ್ಬನೇ ಎಷ್ಟು ಕಡೆ ಅಂತ ಓಡಾಡ್ತೀಯ ಅಣ್ಣ, ನಾನಿಲ್ವಾ,” ಎಂದು ಅಣ್ಣನ ಭುಜ ಒತ್ತಿದ. ಅಣ್ಣ ಓಡಾಡುತ್ತಿದ್ದದ್ದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಅತ್ತಿಗೆ ಮಾತ್ರ ಈ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಕರ್ಚೀಫು ಎಲ್ಲಿದೆಯೆಂದು ಗೊತ್ತಿಲ್ಲದವನು ಗಿರಣಿ ಎಲ್ಲಿಟ್ಟುಕೊಂಡಾನು ಎಂದು ಬಂದವರನ್ನೆಲ್ಲ ಕೇಳಿದರು.

ಚಾಳೀಸಣ್ಣ ಇದಾವುದಕ್ಕೂ ಕಿವಿಗೊಡದೆ ವಕೀಲರ ಸಂಘಕ್ಕೆ ಹೋಗಿ ಉಚಿತ ಕಣ್ಣಿನ ತಪಾಸಣೆ ನಡೆಸುತ್ತೇನೆಂದ. ಸಂಘದ ಕಾರ್ಯದರ್ಶಿಗೆ ಉಚಿತ ಎಂಬ ಮಾತಿನಾಚೆಗೆ ಬೇರೇನೂ ಕೇಳಿಸಲಿಲ್ಲ. ಮುಂದಿನ ಶನಿವಾರ ಸಂಘದ ಕೋಣೆಯಲ್ಲಿ ಮೇಜು ಹಾಕಿಯಾಯಿತು. ಅತ್ತಿಗೆ ಲೆನ್ಸಿನ ಪೆಟ್ಟಿಗೆ ತೆರೆದು ಒಂದು ಪಕ್ಕ ಕೂತರು. ಅಂಗಡಿಗೆ ಗಿರಾಕಿ ಹಿಡಿಯುವ ಉಪಾಯ ಇದು, ಮೂವತ್ತು ವರ್ಷದಲ್ಲಿ ಮೊದಲ ಸಲ ಇವನಿಗೆ ಬುದ್ಧಿ ಬಂತು ಎಂದೇ ಅವರು ತಿಳಿದಿದ್ದರು.

ಪರೀಕ್ಷೆ ಸರಳವಾಗಿತ್ತು. ವಕೀಲರ ಕೈಗೆ ಒಂದು ಕಾರ್ಡು ಕೊಡುವುದು. ಅದರಲ್ಲಿ ಮೇಲಿನ ಸಾಲು ದಪ್ಪಕ್ಷರ, ಕೆಳಗೆ ಹೋಗುತ್ತಾ ಸಣ್ಣದಾಗಿ, ಕೊನೆಯ ಸಾಲು ಸಾಸಿವೆ ಚೆಲ್ಲಿದಂತಿತ್ತು. ಆ ಕೊನೆಯ ಸಾಲು ಹೀಗಿತ್ತು: ‘ಕೆರೆಯ ದಡದಲ್ಲಿ ಏಳು ಬಾತುಕೋಳಿಗಳು ಸಾಲಾಗಿ ನಿಂತಿವೆ.’ ಮೊದಲ ನಾಲ್ವರು ವಕೀಲರು ಕೆರೆಯವರೆಗೂ ತಲುಪಲಿಲ್ಲ. ಐದನೆಯವರು ತರುಣರು, ಓದಿಬಿಟ್ಟರು. ಚಾಳೀಸಣ್ಣ ಅತಿ ಸಂತೋಷದಲ್ಲಿ, ನಿಮ್ಮಂಥವರೇ ನನ್ನ ಆಸ್ತಿಪಾಸ್ತಿ ನೋಡಿಕೊಳ್ಳಬೇಕು ನೋಡಿ ಎಂದು ಬಾಯಿತಪ್ಪಿ ಹೇಳಿದ.

ಆ ಮಾತು ಹೊರಗಿನ ಸಾಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಕೊನೆಯ ಸಾಲು ಓದಿದವರಿಗೆ ಗಿರಣಿ, ಎಮ್ಮೆ, ಹೆಂಡತಿಯರು ಸಮೇತ ಇಡೀ ವ್ಯವಹಾರ ಸಿಗುತ್ತದೆಂದು ಆಯಿತು. ಅದರ ಹಿಂದೆಯೇ ಬಾತುಕೋಳಿಗಳೂ ಹೊರಗೆ ಹೋದವು. ಆರನೆಯ ವಕೀಲರಿಂದ ಮುಂದಕ್ಕೆ ಸಂಘದಲ್ಲಿ ಎಲ್ಲರ ಕಣ್ಣೂ ಹದ್ದಿನ ಕಣ್ಣಾಯಿತು. ಒಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಬಾತುಕೋಳಿಗಳನ್ನು ನಿಲ್ಲಿಸಿದರು. ಇನ್ನೊಬ್ಬರು ಕಾರ್ಡನ್ನು ತಲೆಕೆಳಗಾಗಿ ಹಿಡಿದು ನಿರರ್ಗಳವಾಗಿ ಓದಿದರು. ಜಮೀನಿನ ವ್ಯಾಜ್ಯಗಳಲ್ಲಿ ಹೆಸರಾದ ಒಬ್ಬರು, “ಸದರಿ ಕೆರೆಯ ಪೂರ್ವದ ದಡದಲ್ಲಿ ಸದರಿ ಏಳು ಬಾತುಕೋಳಿಗಳು,” ಎಂದು ಕಾರ್ಡಿನಲ್ಲಿಲ್ಲದ ದಿಕ್ಕನ್ನೂ ಸೇರಿಸಿದರು. ಬಾಯಿಂದ ಬಾಯಿಗೆ ಹೋಗುತ್ತ ಬಾತುಕೋಳಿಗಳು ಒಂಬತ್ತಾದವು. ಚಾಳೀಸಣ್ಣ ಒಂದೆರಡು ಹೆಚ್ಚು ಕಂಡವರ ದೃಷ್ಟಿಯನ್ನು ಇನ್ನೂ ಮೆಚ್ಚಿದ.

ಎಲ್ಲರಿಗಿಂತ ಜೋರಾಗಿ ಮಿಂಚಿದವರು ಸಂಘದ ಅಧ್ಯಕ್ಷರು. ದೊಡ್ಡ ದೇಹ, ದೊಡ್ಡ ದನಿ, ಅರವತ್ತೆರಡು ವಯಸ್ಸು. ಚಹಾ ಮುಗಿಸಿ ಬಂದು, ಕಾರ್ಡನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಬೀಸುತ್ತ, ಕೋರ್ಟಿನ ಗೋಡೆ ನಡುಗುವ ಹಾಗೆ ಬಾತುಕೋಳಿಗಳ ಪರವಾಗಿ ವಾದ ಮಂಡಿಸಿದರು. ಚಾಳೀಸಣ್ಣನ ಕಣ್ಣಲ್ಲಿ ನೀರು ಬಂತು. ಸಿಕ್ಕಿದರು, ಇವರೇ ನನ್ನ ವಕೀಲರು ಎಂದು ಅವನು ಎದ್ದೇಬಿಟ್ಟ.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ ವಕೀಲಮ್ಮನೊಬ್ಬರು ಬಂದು ಕೂತರು. ಐವತ್ತರ ಆಚೆ ವಯಸ್ಸು, ಕಂಕುಳಲ್ಲಿ ಫೈಲುಗಳ ಚೀಲ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕಾರ್ಡು ಹಿಡಿದು ಮೂರು ಸಾಲು ಓದಿದರು, ಸುಮ್ಮನಾದರು.

“ಇನ್ನು ಕೆಳಗಿಂದು ನನಗೆ ಕಾಣಿಸ್ತಿಲ್ಲ,” ಎಂದರು.

“ಬಾತುಕೋಳಿ ಕಾಣಿಸ್ತಿಲ್ವಾ ಮೇಡಂ?” ಎಂದ ಚಾಳೀಸಣ್ಣ, ಮರುಕದಿಂದ.

“ಬಾತುಕೋಳಿ ಇದ್ದ ಹಾಗಿಲ್ಲ. ಗಾಡಿ ಅಂತಲೋ ಏನೋ ಶುರುವಾಗುತ್ತೆ. ಏನು ಬರೆದಿದೆ ನೀವೇ ಹೇಳಿ. ಕಾಣದ್ದನ್ನ ಕಂಡೆ ಅಂತ ನಾನು ಹೇಳಲ್ಲ.”

ಪಾಪ, ಇವರ ಕಣ್ಣು ಪೂರ್ತಿ ಹೋಗಿದೆ ಎಂದುಕೊಂಡು ಚಾಳೀಸಣ್ಣ ಕಾರ್ಡನ್ನು ತನ್ನ ಕಡೆಗೆ ತಿರುಗಿಸಿದ. ಬೆಳಗಿನಿಂದ ಅವನು ನೋಡಿದ್ದದ್ದು ಅದರ ಬೆನ್ನನ್ನು ಮಾತ್ರ. ಕೊನೆಯ ಸಾಲಿನಲ್ಲಿ ಕೆರೆಯೂ ಇರಲಿಲ್ಲ, ದಡವೂ ಇರಲಿಲ್ಲ. ‘ಗಾಡಿಯವನು ಬೆಳಗ್ಗೆ ಎದ್ದು ಚಕ್ರಕ್ಕೆ ಎಣ್ಣೆ ಹಾಕಿದನು’ ಎಂದಿತ್ತು. ಅವನು ಬಾಯಿ ಬಿಟ್ಟುಕೊಂಡು ಅತ್ತಿಗೆಯ ಕಡೆ ನೋಡಿದ.

“ಚಹಾದ ಹೊತ್ತಲ್ಲಿ ನಾನೇ ಕಾರ್ಡು ಬದಲಾಯಿಸಿದೆ,” ಎಂದರು ಅತ್ತಿಗೆ, ಲೆನ್ಸು ಒರೆಸುತ್ತ. ಆರನೆಯವರಿಂದ ಮುಂದಕ್ಕೆ ಐವತ್ತು ದಾಟಿದವರು ಸಾಲಾಗಿ ಬಂದರೂ ಒಬ್ಬರಿಗೂ ಚಾಳೀಸು ಬಂದಿಲ್ಲವೆಂದರೆ ಅದು ಕಣ್ಣಿನ ಲಕ್ಷಣವಲ್ಲ, ಬಾಯಿಯ ಲಕ್ಷಣ ಎಂದು ಅವರಿಗೆ ಹತ್ತನೆಯ ವಕೀಲರಲ್ಲೇ ಗೊತ್ತಾಗಿತ್ತಂತೆ. ಅಧ್ಯಕ್ಷರು ಆಗಲೇ ಯಾವುದೋ ತುರ್ತು ಕೇಸಿನ ನೆನಪಾಗಿ ಕಾಲಿಗೆ ಬುದ್ಧಿ ಹೇಳಿದ್ದರು.

ಮಾರನೆಯ ವಾರ ಚಾಳೀಸಣ್ಣ ವಕೀಲಮ್ಮನ ಕಚೇರಿ ಹತ್ತಿದ. ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ, ಕೆಳಗಿನ ಬಿಸಿಯೆಲ್ಲ ಮೇಲೆ ಬರುತ್ತಿತ್ತು. ಹೊಸ ಕನ್ನಡಕದ ಹಿಂದಿನಿಂದ ವಕೀಲಮ್ಮ ಅವನ ಮಾತನ್ನು ಪೂರ್ತಿ ಕೇಳಿದರು, ಮೇಲೆ ತಾವೂ ಕೇಳಿದರು. ಗಿರಣಿ ಇದೆಯೇ, ಇಲ್ಲ. ಹೆಂಡತಿ, ಇಲ್ಲ. ಎಮ್ಮೆ? ಅದೂ ಇಲ್ಲ. ಹಾಗಾದರೆ ಇರುವುದೇನು, ಅದನ್ನು ನಡೆಸುವವರು ಯಾರು, ಗಾಜು ಉಜ್ಜುವವರು ಯಾರು, ಬೆಳಗ್ಗೆ ಬಾಗಿಲು ತೆಗೆಯುವವರು ಯಾರು? ಪ್ರತಿಯೊಂದಕ್ಕೂ ಚಾಳೀಸಣ್ಣ ಅತ್ತಿಗೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಅಂಗಡಿಯಲ್ಲಿ ತಾನು ಮಾಡುತ್ತಿದ್ದದ್ದೇನು ಎಂದು ಅವನಿಗೂ ಅವತ್ತೇ ಮೊದಲ ಸಲ ಅನುಮಾನ ಬಂತು.

ವಕೀಲಮ್ಮ ಪೆನ್ನು ಕೆಳಗಿಟ್ಟರು. “ಅಲ್ಲ, ಇಷ್ಟೆಲ್ಲ ಅವರೇ ಮಾಡ್ತಿದ್ದಾರೆ. ಅವರದ್ದು ಅವರಿಗೆ ಸಿಗೋದಕ್ಕೆ ನೀವು ಸಾಯೋ ತನಕ ಯಾಕೆ ಕಾಯಬೇಕು?”

ಚಾಳೀಸಣ್ಣ ಸತ್ತು ಉಪಕಾರ ಮಾಡಬೇಕೆಂದು ಹೊರಟಿದ್ದ, ಬದುಕಿಯೂ ಮಾಡಬಹುದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅಲ್ಲೇ ಮಾತಾಯಿತು. ಅಂಗಡಿಯ ಅರ್ಧ ಈಗಲೇ ಅತ್ತಿಗೆಯ ಹೆಸರಿಗೆ ದಾನಪತ್ರ, ಉಳಿದರ್ಧಕ್ಕೆ ಉಯಿಲು, ಎರಡನ್ನೂ ಒಂದೇ ಪತ್ರದಲ್ಲಿ ಬರೆದು ನೋಂದಣಿ. ಒಂದೇ ಒಂದು ಷರತ್ತನ್ನು ವಕೀಲಮ್ಮ ಗಟ್ಟಿಯಾಗಿ ಹೇಳಿದರು. ಅತ್ತಿಗೆ ಸ್ವತಃ ಬಂದು ಒಪ್ಪಬೇಕು, ಆದ್ದರಿಂದ ವಿಷಯವನ್ನು ಅವರಿಗೆ ಮೊದಲೇ ತಿಳಿಸಿರಬೇಕು.

ನಾಲ್ಕು ದಿನ ಚಾಳೀಸಣ್ಣ ತಿಳಿಸಲು ಹೋದ. ಪರದೆ ಸರಿಸುವುದು, “ಅತ್ತಿಗೆ” ಎನ್ನುವುದು, ಅವರು ಏನು ಎಂದು ತಲೆಯೆತ್ತಿದರೆ ಫ್ರೇಮು ತರಲೇ ಎಂದು ಕೇಳಿ ಹಿಂದೆ ಬರುವುದು. ಬೇಡದ ಫ್ರೇಮುಗಳು ಯಂತ್ರದ ಪಕ್ಕ ಗುಡ್ಡೆಯಾದವು. ಐದನೆಯ ದಿನ, ಅಂಗಡಿಯ ಪರವಾನಗಿಗೆ ಒಂದು ಸಹಿ ಬೇಕು ಎಂದು ಸುಳ್ಳು ಹೇಳಿ ಅವರನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ಅತ್ತಿಗೆ ಬಂದರು. ಹೋದಲ್ಲಿ ಯಾರಿಗಾದರೂ ಬೇಕಾದೀತು ಎಂದು ಲೆನ್ಸಿನ ಪೆಟ್ಟಿಗೆಯನ್ನೂ ತಂದರು.

ನೋಂದಣಿ ಕಚೇರಿಯಲ್ಲಿ ವಕೀಲಮ್ಮ ಕಾಗದ ಹಿಡಿದು ನಿಂತಿದ್ದರು. ಅವರಲ್ಲದೆ ಅಲ್ಲಿ ತಮ್ಮನೂ ಕಾದಿದ್ದ. ಅವನ ಪಕ್ಕದಲ್ಲಿ ಅವನ ವಕೀಲರು, ಬೇರೆ ಯಾರೂ ಅಲ್ಲ, ಸಂಘದ ಅಧ್ಯಕ್ಷರು. ಅಣ್ಣ ಕದ್ದು ಗಿರಣಿ ಪರಭಾರೆ ಮಾಡುತ್ತಿದ್ದಾನೆ ಎಂದು ಆ ಹಳೆಯ ಕರಡಿನ ಟೈಪಿನವನಿಂದ ತಿಳಿದು ಬಂದಿದ್ದರು. ಅಧಿಕಾರಿ ಕಾಗದ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಧ್ಯಕ್ಷರ ದನಿ ಎದ್ದಿತು. ಈ ಪತ್ರ ಮೋಸದ್ದು, ಒಡಹುಟ್ಟಿದವನ ಕಣ್ಣಿಗೆ ಮಣ್ಣೆರಚಿ ಹಿಟ್ಟಿನ ಗಿರಣಿಯನ್ನೂ ಹನ್ನೆರಡು ಎಮ್ಮೆಗಳನ್ನೂ ಯಾವಳೋ ಎರಡನೆಯ ಹೆಂಡತಿಗೆ ಸಾಗಿಸಲಾಗುತ್ತಿದೆ ಎಂದರು. ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ಕೆಲಸ ಮರೆತು ಹತ್ತಿರ ಬಂದರು. ಗುಮಾಸ್ತರೊಬ್ಬರು ಊಟದ ಡಬ್ಬಿ ಮುಚ್ಚಿಟ್ಟು ಬಂದರು.

ಅಧಿಕಾರಿ ಬಡಕಲು ಮನುಷ್ಯರು, ಮೆಲುದನಿಯವರು. ಗಿರಣಿ ಎಲ್ಲಿದೆ ತೋರಿಸಿ ಎಂದು ಕಾಗದವನ್ನೇ ಅಧ್ಯಕ್ಷರ ಕೈಗಿತ್ತರು. ಅಧ್ಯಕ್ಷರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಕಡೆ ತಿರುಗಿಸಿದರು. ಎರಡು ಸಲ ಕೆಮ್ಮಿದರು. ವಿಷಯ ಸ್ಪಷ್ಟವಾಗಿಯೇ ಇದೆ ಎಂದರು. ಸ್ಪಷ್ಟವಾಗಿದ್ದರೆ ಓದಿ ಎಂದರು ಅಧಿಕಾರಿ.

ಅತ್ತಿಗೆ ಪೆಟ್ಟಿಗೆ ತೆರೆದು, ಪರೀಕ್ಷೆಯ ಫ್ರೇಮಿಗೆ ಎರಡು ಗಾಜು ಏರಿಸಿ, ಕಾಲ್ಬೆರಳ ಮೇಲೆ ನಿಂತು, ಅಧ್ಯಕ್ಷರ ಮೂಗಿನ ಮೇಲಿಟ್ಟರು. “ಎರಡೂವರೆ ಇರಬೇಕು ನಿಮ್ಮದು. ಈಗ ಹೇಗೆ ಕಾಣ್ತಿದೆ?”

ಹತ್ತು ವರ್ಷದ ಮೇಲೆ ಅಕ್ಷರ ಕಂಡ ಅಧ್ಯಕ್ಷರು ಎಲ್ಲ ಮರೆತುಬಿಟ್ಟರು. ತಾವು ಯಾರ ವಕೀಲರೆಂಬುದೂ ಮರೆಯಿತು. ಅದೇ ದೊಡ್ಡ ದನಿಯಲ್ಲಿ ಕಾಗದವನ್ನು ಮೊದಲಿಂದ ಓದತೊಡಗಿದರು. “ಇಪ್ಪತ್ತು ವರ್ಷಗಳಿಂದ ಈ ಅಂಗಡಿಯ ಕೆಲಸವನ್ನೆಲ್ಲ ತಮ್ಮ ಕೈಯಿಂದಲೇ ಮಾಡಿ, ನನ್ನನ್ನೂ ಸಾಕಿ, ಒಂದು ದಿನವೂ ಇದು ತಮ್ಮದೆಂದು ಹೇಳಿಕೊಳ್ಳದ ನನ್ನ ಅತ್ತಿಗೆಯವರಿಗೆ, ಸದರಿ ಅಂಗಡಿಯ ಅರ್ಧ ಭಾಗವನ್ನು ಇಂದಿನಿಂದಲೇ, ಉಳಿದ ಅರ್ಧವನ್ನು ನನ್ನ ಕಾಲಾನಂತರ...” ಪೂರ್ತಿ ಓದಿ ಮುಗಿಸಿ, ಕಾಗದ ಇಳಿಸಿ, ತಮ್ಮನ ಕಡೆ ತಿರುಗಿ, “ಇದರಲ್ಲಿ ಗಿರಣಿ ಇಲ್ಲ. ಪತ್ರ ಬಹಳ ಚೆನ್ನಾಗಿದೆ,” ಎಂದರು. ತಮ್ಮನ ಮುಖ ಹುಳ್ಳಗಾಯಿತು. ತೀರಿಕೊಂಡ ಅಣ್ಣನೂ ಇವರೂ ದುಡಿದು ಕೊಂಡ ಅಂಗಡಿ, ನಿಮಗಿದರಲ್ಲಿ ಹೇಳುವುದಕ್ಕೇನೂ ಇಲ್ಲ ಎಂದು ವಕೀಲಮ್ಮ ಮೆಲ್ಲಗೆ ಹೇಳಿದ ಮೇಲೆ ಅವನು ಟೇಪನ್ನು ಜೇಬಿನೊಳಕ್ಕೆ ಇನ್ನೂ ಆಳವಾಗಿ ತಳ್ಳಿ ಹೊರಟ.

ಅತ್ತಿಗೆ ನಿಂತಲ್ಲೇ ನಿಂತಿದ್ದರು. ಮೈದುನನ ಕಡೆ ನೋಡಿದರು. ಅವನು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಪರವಾನಗಿ ಅಂದೆ,” ಎಂದರು ಅತ್ತಿಗೆ.

“ಒಂಥರಾ ಅದೂ ಪರವಾನಗಿನೇ ಅಲ್ವಾ ಅತ್ತಿಗೆ,” ಎಂದ ಚಾಳೀಸಣ್ಣ. “ನಾಲ್ಕು ದಿನ ಹೇಳೋಕೆ ಬಂದೆ, ಆಗ್ಲಿಲ್ಲ.”

“ಅದಕ್ಕೇನಾ ಅಷ್ಟೊಂದು ಫ್ರೇಮು?” ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಡೀ ಊರಿಗೆ ಕಣ್ಣು ಕೊಟ್ಟ ಆ ಹೆಂಗಸಿಗೆ ಆಗ ಎದುರಿನದೊಂದೂ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಅಧಿಕಾರಿ ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ಅತ್ತಿಗೆ ಒಪ್ಪಿಗೆ ಎಂದರು. ಗುಮಾಸ್ತರು ದೊಡ್ಡ ಪುಸ್ತಕ ಬಿಚ್ಚಿ ಹೆಸರು ಬರೆದುಕೊಂಡರು, ವಯಸ್ಸು ಬರೆದುಕೊಂಡರು, ಉದ್ಯೋಗ ಎಂಬ ಜಾಗಕ್ಕೆ ಬಂದು, ಕೇಳುವ ಗೋಜಿಗೇ ಹೋಗದೆ ‘ಮನೆಗೆಲಸ’ ಎಂದು ಬರೆಯಲು ಮ ಅಕ್ಷರ ಹಾಕಿದರು. ಇಂಥ ಎಷ್ಟೋ ಕಾಗದಗಳಲ್ಲಿ ಎಷ್ಟೋ ವರ್ಷ ಹಾಗೇ ಬರೆಸಿಕೊಂಡು ಬಂದಿದ್ದ ಅತ್ತಿಗೆ ಈ ಸಲ ಕೈ ಚಾಚಿ ಗುಮಾಸ್ತರ ಪೆನ್ನನ್ನು ಹಿಡಿದರು.

“ಮ ಇರ್ಲಿ,” ಎಂದರು. “ಅದರ ಮುಂದೆ ದೀರ್ಘ ಕೊಡಿ. ಮಾಲೀಕರು ಅಂತ ಬರೀರಿ.”

ಗುಮಾಸ್ತರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ತಲೆಯಾಡಿಸಿದರು. ಅತ್ತಿಗೆ ಬಗ್ಗಿ, ಬರೆದದ್ದನ್ನು ಒಂದೊಂದೇ ಅಕ್ಷರ ಓದಿ ನೋಡಿ, ಅದರ ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಬರೆದು ಸಹಿ ಮಾಡಿದರು. ಆಮೇಲೆ ಪೆಟ್ಟಿಗೆ ಮುಚ್ಚಿ, ಮೈದುನನ ಕೈಗೆ ಕೊಟ್ಟು, ಅಂಗಡಿ ತೆರೆಯುವ ಹೊತ್ತಾಯಿತು ಎಂದು ಮುಂದೆ ನಡೆದರು. ಚಾಳೀಸಣ್ಣ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೊರಟ. ತನ್ನ ಯಜಮಾನಿಯ ಹಿಂದೆ ಅಷ್ಟು ಎದೆಯುಬ್ಬಿಸಿ ನಡೆದ ನೌಕರನನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.